ಒಂದು ಸೆಲ್ ಉಲ್ಟಾ

ವೇಣೂಬಾಯಿಯ ಮನೆಯ ಪಡಸಾಲೆಯಲ್ಲಿ ಒಂದು ಗಾಜಿನ ಕಪಾಟು ಇತ್ತು. ಬೇರೆಯವರ ಮನೆಗಳಲ್ಲಿ ಅಂಥ ಕಪಾಟಿನೊಳಗೆ ಹೂವಿನ ಚಿತ್ರದ ಚಹಾದ ಕಪ್ಪು-ಬಸಿ, ಮದುವೆಯಲ್ಲಿ ಬಂದ ಸ್ಟೀಲಿನ ಡಬ್ಬಿಗಳು ಇರುತ್ತವೆ. ಇವರ ಕಪಾಟಿನಲ್ಲಿ ಬ್ಯಾಟರಿಗಳಿದ್ದವು. ಸೊಲ್ಲಾಪುರದ ಕಡೆ ಬ್ಯಾಟರಿ ಎಂದರೆ ಕೈಯಲ್ಲಿ ಹಿಡಿಯುವ ಟಾರ್ಚು. ಅದರೊಳಗೆ ಹಾಕುವುದು ಸೆಲ್ಲು. ಹಿತ್ತಾಳೆಯವು, ಬೆಳ್ಳಿ ಹೊಳಪಿನವು, ಮೊಳದುದ್ದ ಇರುವ ಐದು ಸೆಲ್ಲಿನವು, ಮುಂದಿನ ಗಾಜು ತಿರುಗಿಸಿದರೆ ಬೆಳಕು ಸೂಜಿಯ ಹಾಗೆ ಚೂಪಾಗುವಂಥವು, ರೈಲ್ವೆಯವರದೆಂದು ಹೇಳಿ ಯಾರೋ ಮಾರಿಹೋದ ಕೆಂಪು-ಹಸಿರು ಗಾಜಿನದೊಂದು. ಎಲ್ಲವೂ ಗಂಡ ದಿಗಂಬರರ ಇಪ್ಪತ್ತು ವರ್ಷದ ಸಂಗ್ರಹ.

ದಿಗಂಬರ ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಎಲೆ-ಅಡಿಕೆ ಇಲ್ಲ, ಇಸ್ಪೀಟು ಇಲ್ಲ. "ಗಂಡಸಿಗಿ ಒಂದು ಚಟ ಇರಬೇಕು, ಇಲ್ಲಾಂದ್ರ ಹೆಂಡತಿ ತಲಿ ತಿಂತಾನ" ಎಂದು ಅತ್ತೆ ಬದುಕಿದ್ದಾಗ ಸೊಸೆಗೆ ಹೇಳಿದ್ದರು. ಆ ಮಾತಿನಲ್ಲಿ ಸತ್ಯವಿತ್ತು. ರವಿವಾರ ಸಂಜೆ ಟವೆಲ್ ವ್ಯಾಪಾರದ ಸಾತಲಿಂಗಪ್ಪ ಬರುತ್ತಿದ್ದರು. ಅವರಿಗೂ ಇದೇ ಹುಚ್ಚು. ಇಬ್ಬರೂ ಕೈತುಂಬ ಬ್ಯಾಟರಿ ಹಿಡಿದು ಮನೆಯ ಮೇಲಿನ ಗಚ್ಚಿ ಹತ್ತುತ್ತಿದ್ದರು. ಗಚ್ಚಿಯಿಂದ ಮನೆಗಳ ತಗಡು, ತಾರಸಿಗಳನ್ನು ದಾಟಿ ಮುಚ್ಚಿಹೋದ ಬಟ್ಟೆ ಗಿರಣಿಯ ಚಿಮಣಿ ಕಾಣುತ್ತಿತ್ತು. ಯಾವ ಬ್ಯಾಟರಿಯ ಬೆಳಕು ಚಿಮಣಿ ಮುಟ್ಟುತ್ತದೆ ಎಂಬುದೇ ಅವರ ಪರೀಕ್ಷೆ.

"ಮುಟ್ಟಿತು ನೋಡ್ರಿ."

"ಎಲ್ಲಿ ಮುಟ್ಟೇದ? ಚಂದ್ರಾಮನ ಬೆಳಕ ಅದು, ದಿಗಂಬರರಾವ್. ಚಂದ್ರಾಮನ್ನೂ ನಿಮ್ಮ ಕಪಾಟಿನ್ಯಾಗ ಇಟ್ಟೀರೇನು?"

ಕೆಳಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತ ವೇಣೂಬಾಯಿ ಈ ನಗುವನ್ನು ಕೇಳುತ್ತಿದ್ದಳು. ಗಂಡ ಹಾಗೆ ನಗುವುದು ಗಚ್ಚಿಯ ಮೇಲೆ ಮಾತ್ರ. ಅವಳು ಆ ಹೊತ್ತಿನಲ್ಲಿ ಒಂದು ದಿನವೂ ಗಚ್ಚಿ ಹತ್ತಿದವಳಲ್ಲ. ಮೊದಲು ಯಾರೂ ಕರೆಯಲಿಲ್ಲ. ಆಮೇಲೆ, ಈ ನಾಲ್ಕೈದು ವರ್ಷಗಳಿಂದ, ಕರೆದಿದ್ದರೂ ಅವಳು ಹೋಗುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಅವಳಿಗೆ ಮೆಟ್ಟಿಲು ಕಾಣುತ್ತಿರಲಿಲ್ಲ.

ಹಗಲಿನಲ್ಲಿ ಏನೂ ಕೊರತೆ ಇರಲಿಲ್ಲ. ಅಕ್ಕಿಯಲ್ಲಿನ ಸಣ್ಣ ಹರಳನ್ನೂ ಆರಿಸುತ್ತಿದ್ದಳು. ಟ್ಯೂಬ್‌ಲೈಟಿನ ಕೆಳಗೂ ನಡೆಯುತ್ತಿತ್ತು. ಆದರೆ ಬೆಳಕು ಕಡಿಮೆಯಾಗುವ ಹೊತ್ತಿಗೆ, ಉಳಿದವರಿಗೆ ಇನ್ನೂ ಎಲ್ಲ ಕಾಣುತ್ತಿರುವಾಗಲೇ, ಅವಳ ಪಾಲಿನ ಬಾಗಿಲು ಮುಚ್ಚಿಬಿಡುತ್ತಿತ್ತು. ಅದಕ್ಕೇ ಅವಳು ದೀಪ ಹಚ್ಚುವುದು ಓಣಿಯ ಎಲ್ಲರಿಗಿಂತ ಮೊದಲು. ಚಪ್ಪಲಿ ಇಟ್ಟಲ್ಲೇ ಇರಬೇಕು, ನೀರಿನ ತಂಬಿಗೆ ಅದರ ಜಾಗದಲ್ಲೇ ಇರಬೇಕು ಎಂದು ಮಗಳು ಗಾರ್ಗಿಯನ್ನು ಬೈಯುತ್ತಿದ್ದಳು. ಆಯಿಗೆ ಶಿಸ್ತಿನ ಹುಚ್ಚು ಎಂದು ಗಾರ್ಗಿ ತಿಳಿದಿದ್ದಳು. ಇಬ್ಬರ ನಡುವೆ ಅದು ಹಾಗೆಯೇ ಉಳಿಯಲಿ ಎಂದು ವೇಣೂಬಾಯಿಯ ಇಚ್ಛೆ. ಮುಸ್ಸಂಜೆಯಲ್ಲಿ ಆಗೀಗ ಬಾಗಿಲಲ್ಲಿ ನಿಂತು, "ಅಲ್ಲಿ ಗ್ವಾಡಿ ಮ್ಯಾಲ ಕುಂತದ್ದು ಏನ ಗಾರ್ಗೀ, ಬೆಕ್ಕೇನು?" ಎಂದು ಕೇಳುತ್ತಿದ್ದಳು. "ಆಯೀ, ಬೆಕ್ಕೆಲ್ಲಿ ಬಂತು, ಯಾರದೋ ಚಡ್ಡಿ ಒಣಗಾಕತ್ತದ" ಎಂದು ಮಗಳು ನಗುತ್ತಿದ್ದಳು. ಹತ್ತೊಂಬತ್ತರ ಹುಡುಗಿಗೆ ಕಾಣುತ್ತದೆ. ಆ ಒಂದು ಉತ್ತರದಿಂದ ತಾಯಿ ಒಂದಷ್ಟು ದಿನ ನಿಶ್ಚಿಂತೆಯಿಂದ ಇರುತ್ತಿದ್ದಳು.

ಅವಳ ಅವ್ವನಿಗೂ ಹೀಗೇ ಆಗಿತ್ತು. ಅಕ್ಕಲಕೋಟೆಯ ಮನೆಯಲ್ಲಿ ದೀಪ ಹಚ್ಚುವ ಹೊತ್ತಾದರೆ ಯಾರಾದರೂ ಅವ್ವನ ರಟ್ಟೆ ಹಿಡಿದು ಅಡಿಗೆ ಮನೆಯ ಮೂಲೆಯ ಮಣೆಯ ಮೇಲೆ ಕೂರಿಸುತ್ತಿದ್ದರು. ಬೈದು ಕೂರಿಸುತ್ತಿರಲಿಲ್ಲ. "ಎಲ್ಲೆರ ಎಡವಿ ಬಿದ್ದೀ, ಇಲ್ಲೇ ಕುಂದ್ರು" ಎಂದು ಪ್ರೀತಿಯಿಂದಲೇ ಹೇಳುತ್ತಿದ್ದರು. ಮರುದಿನ ಬೆಳಗಾಗುವ ತನಕ ಅವ್ವ ಅವರಿವರು ಕೊಟ್ಟದ್ದನ್ನು ಉಣ್ಣುವ, ಕೇಳಿದ್ದಕ್ಕೆ ಹೂಂ ಎನ್ನುವ ಒಂದು ಗಂಟು. ಹಗಲಿಡೀ ಮನೆ ತುಂಬ ಓಡಾಡುವ ಆ ಹೆಂಗಸು ಸಂಜೆ ತಾನಾಗಿಯೇ ಕೈ ಮುಂದೆ ಚಾಚುವುದನ್ನು ವೇಣೂಬಾಯಿ ನೋಡಿದ್ದಳು. ಆ ಚಾಚಿದ ಕೈಯನ್ನು ಮರೆಯುವುದು ಅವಳಿಗೆ ಆಗಿರಲಿಲ್ಲ.

ಅವಳದೆಂದು ವಾರದಲ್ಲಿ ಒಂದು ದಿನ ಇತ್ತು, ಗುರುವಾರ. ಮಧ್ಯಾಹ್ನ ಊಟ ಮುಗಿಸಿ ಪಕ್ಕದ ಮನೆಯ ಇಂದುಬಾಯಿಯ ಜೊತೆ ಎಸ್.ಟಿ. ಬಸ್ಸು ಹಿಡಿದು ಅಕ್ಕಲಕೋಟೆಗೆ ಹೋಗುತ್ತಿದ್ದಳು. ಸ್ವಾಮಿಗಳ ಗುಡಿಯಲ್ಲಿ ದರ್ಶನ, ಒಂದು ಪ್ರದಕ್ಷಿಣೆ, ಆಮೇಲೆ ತನ್ನ ತವರಿನ ಓಣಿಯಲ್ಲಿ ಕಾರಣವಿಲ್ಲದೆ ಒಂದು ಸುತ್ತು. ತವರು ಮನೆ ಮಾರಿ ಬೇರೆಯವರದಾಗಿತ್ತು. ಆದರೂ ಆ ಕಟ್ಟೆಯ ಮುಂದೆ ಹಾಯ್ದು ಬಂದರೆ ಏನೋ ಸಮಾಧಾನ. ಬೇಸಿಗೆಯಲ್ಲಿ ಬೆಳಕಿರುವಾಗಲೇ ಮನೆ ಸೇರುತ್ತಿದ್ದರು. ಚಳಿಗಾಲದಲ್ಲಿ ಬಸ್ಸು ಸೊಲ್ಲಾಪುರ ಮುಟ್ಟುವಾಗ ಕತ್ತಲು. ಆಗ ವೇಣೂಬಾಯಿ ಇಂದುಬಾಯಿಯ ಸೆರಗಿನ ತುದಿ ಹಿಡಿದು ಬರುತ್ತಿದ್ದಳು.

"ವೇಣಕ್ಕ, ನಾ ಏನ ನಿನ್ನ ಗಂಡೇನು? ಸಪ್ತಪದಿ ತುಳದಂಗ ಹಿಂದಿಂದ ಬರ್ತೀಯಲ್ಲ."

"ಗರ್ದಿ ಭಾಳ ಅದ, ತಪ್ಪಿಸಿಕೊಂಡೀನಿ ಅಂತ."

ಆ ಒಂದು ಕಾರಣಕ್ಕೆ ಹಿಂದಿನ ವರ್ಷ ಅವಳು ಮಂಗಳವಾರ ಪೇಟೆಯ ಸಂತೆಯಲ್ಲಿ ಒಂದು ಪ್ಲಾಸ್ಟಿಕ್ ಬ್ಯಾಟರಿ ಕೊಂಡಿದ್ದಳು. ನೀಲಿ ಬಣ್ಣದ್ದು, ತರಕಾರಿಯವರು ಹಿಡಿಯುವಂಥದ್ದು. ದಿಗಂಬರ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ್ದರು.

"ಇದೇನಿದು?"

"ಬ್ಯಾಟರಿ."

"ಇದಕ್ಕ ಬ್ಯಾಟರಿ ಅಂತಾರೇನು? ಒಳಗ ಬೆಳ್ಳಿ ಕಾಗದ ಹಚ್ಚ್ಯಾರ. ಗುಂಡಿ ಅಲುಗಾಡ್ತದ. ಆಟದ ಸಾಮಾನ ಇದು." ಬಿಚ್ಚಿ ಒಂದೊಂದೇ ದೋಷ ತೋರಿಸಿದರು. "ನನ್ನ ಮನ್ಯಾಗ ಇದನ್ನ ಯಾರರ ನೋಡಿದ್ರ ಏನಂದಾರು? ನಿನಗ ಬ್ಯಾಟರಿ ಯಾಕ ಬೇಕು, ಹೇಳು."

ಯಾಕೆ ಬೇಕೆಂದು ಹೇಳಿದ್ದರೆ ಅವರು ಕೊಡುತ್ತಿದ್ದರೇನೋ. ಆದರೆ ಹೇಳಿದ ಮರುಕ್ಷಣ ಮಣೆ ಬರುತ್ತಿತ್ತು, ರಟ್ಟೆ ಹಿಡಿಯುವ ಕೈ ಬರುತ್ತಿತ್ತು. "ಸುಮ್ನ ತಂದೆ" ಎಂದಳು. ನೀಲಿ ಬ್ಯಾಟರಿ ಹಾಲಿನವನ ಪಾಲಾಯಿತು. ಅವನು ಬಹಳ ದಿನ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ತಿರುಗಿದ. ಅದು ಕೆಡಲಿಲ್ಲ.

ತೊಂಬತ್ತೊಂಬತ್ತರ ದೀಪಾವಳಿಗೆ ಸ್ವಲ್ಪ ಮುಂಚೆ ಒಂದು ಸಂಜೆ ಅವಳೊಬ್ಬಳೇ ಮನೆಯಲ್ಲಿದ್ದಳು. ಪಡಸಾಲೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಾಗ ಟ್ಯೂಬ್‌ಲೈಟು ಆರಿತು. ಓಣಿಯ ಹುಡುಗರು "ಲೈಟ್ ಗೇಲೀ" ಎಂದು ಒಂದೇ ದನಿಯಲ್ಲಿ ಕೂಗಿದರು. ಮೇಣದ ಬತ್ತಿಯನ್ನು ಗಾರ್ಗಿ ಓದುವ ಕೋಣೆಗೆ ಒಯ್ದು ಎಲ್ಲಿಟ್ಟಿದ್ದಳೋ ಗೊತ್ತಿಲ್ಲ. ವೇಣೂಬಾಯಿ ಗೋಡೆ ಸವರುತ್ತ ಹೋದಳು. ಕೈಗೆ ತಣ್ಣನೆಯ ಗಾಜು ತಾಗಿತು. ಕಪಾಟು. ಬೀಗವೇನೂ ಇರಲಿಲ್ಲ; ಮುಟ್ಟಬಾರದೆಂಬ ರೂಢಿಯೇ ಬೀಗ. ಅವಳು ಬಾಗಿಲು ಸರಿಸಿ ಮುಂದಿದ್ದ ಎರಡು ಸೆಲ್ಲಿನ ಹಿತ್ತಾಳೆಯದನ್ನು ತೆಗೆದುಕೊಂಡಳು. ಒಳಗೆ ಸೆಲ್ಲುಗಳ ಭಾರವಿತ್ತು. ಗುಂಡಿ ಮುಂದಕ್ಕೆ ಸರಿಸಿದಳು.

ಏನೂ ಆಗಲಿಲ್ಲ.

ಮತ್ತೊಮ್ಮೆ ಸರಿಸಿದಳು. ಗುಂಡಿ ಟಕ್ಕೆಂದದ್ದು ಕೇಳಿಸಿತು. ಮುಂಭಾಗವನ್ನು ತನ್ನ ಮುಖಕ್ಕೇ ಹಿಡಿದಳು, ಕಣ್ಣಿಗೆ ಹತ್ತಿ ನಿಲ್ಲುವಷ್ಟು ಹತ್ತಿರ. ಕತ್ತಲು ಕತ್ತಲಾಗಿಯೇ ಇತ್ತು.

ಬ್ಯಾಟರಿ ಕೆಟ್ಟಿರಬಹುದು ಎಂಬ ಮಾತು ಅವಳಿಗೆ ಹೊಳೆಯಲೇ ಇಲ್ಲ. ಆ ಮನೆಯಲ್ಲಿ ಮಿಕ್ಸರ್ ಕೆಡುತ್ತಿತ್ತು, ನಳ ಕೆಡುತ್ತಿತ್ತು, ಫ್ಯಾನು ಕೆಡುತ್ತಿತ್ತು. ಕಪಾಟಿನೊಳಗಿನದು ಯಾವತ್ತೂ ಕೆಟ್ಟದ್ದಿಲ್ಲ. ರವಿವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಇಟ್ಟವು ಅವು. ಹಾಗಾದರೆ ಬೆಳಕು ಹತ್ತಿದೆ, ಕಣ್ಣು ಹೋಗಿದೆ. ಅವ್ವನಿಗೂ ಕಡೆಗಾಲಕ್ಕೆ ದೀಪದ ಕುಡಿಯೇ ಕಾಣುತ್ತಿರಲಿಲ್ಲ. ವೇಣೂಬಾಯಿ ಕಪಾಟಿನ ಪಕ್ಕದ ಮೂಲೆಯಲ್ಲಿ ಮೆಲ್ಲಗೆ ಕುಸಿದು ಕೂತಳು. ತಾನು ಕೂತದ್ದು ಮೂಲೆಯಲ್ಲಿ ಎಂದು ತಿಳಿದಾಗ ಅಳು ಬರಲಿಲ್ಲ. ಇಷ್ಟು ಬೇಗ ಬಂತೇ ಎಂದಷ್ಟೇ ಅನಿಸಿತು. ಹುಡುಗರು ಹೊರಗೆ ಏನೋ ಆಡುತ್ತ ಕಿರುಚುತ್ತಿದ್ದರು.

ಟ್ಯೂಬು ಎರಡು ಸಲ ಮಿಣುಕಿ ಹತ್ತಿತು. ಗೋಡೆ, ಬಟ್ಟೆಯ ರಾಶಿ, ತನ್ನ ಕೈ. ಎಲ್ಲ ಕಂಡವು. ದೊಡ್ಡ ಬೆಳಕು ಇನ್ನೂ ಕಾಣುತ್ತದೆ, ಸಣ್ಣ ಬೆಳಕು ಹೋಯಿತು ಎಂದುಕೊಂಡಳು. ಗಾಬರಿಯಲ್ಲಿ ಗುಂಡಿ ಹಿಂದಕ್ಕೆಳೆದು ಬ್ಯಾಟರಿಯನ್ನು ಇದ್ದಲ್ಲೇ ಇಟ್ಟಳು. ಅದು ಹತ್ತಿತ್ತೋ ಇಲ್ಲವೋ ನೋಡಲಿಲ್ಲ; ಮತ್ತೆ ಹಚ್ಚಿ ನೋಡುವ ಧೈರ್ಯವೂ ಇರಲಿಲ್ಲ. ಆ ಗುರುವಾರ ತಲೆಶೂಲೆ ಎಂದು ಹೇಳಿ ಅಕ್ಕಲಕೋಟೆಗೆ ಹೋಗಲಿಲ್ಲ.

ರವಿವಾರ ಸಾತಲಿಂಗಪ್ಪ ಬಂದಾಗ ಅವರ ಕೈಯಲ್ಲಿ ಒಂದು ಪುಟ್ಟ ಪೊಟ್ಟಣವಿತ್ತು. ಅವರ ಮೈದುನ ಮುಂಬಯಿಯಿಂದ ತಂದದ್ದು. ದಿಗಂಬರ ಎರಡು ತಿಂಗಳ ಹಿಂದೆಯೇ ಹೇಳಿಕಳಿಸಿದ್ದರು. ಬೆರಳು ದಪ್ಪದ ಕಪ್ಪು ಬ್ಯಾಟರಿ. ಮೂರು ಪೆನ್ಸಿಲ್ ಸೆಲ್ಲು. ಬಲ್ಬಿನ ಜಾಗದಲ್ಲಿ ಸಬ್ಬಕ್ಕಿ ಕಾಳಿನಂಥ ಒಂದು ಬಿಳಿ ಹನಿ.

"ಎಲ್‌ಇಡಿ ಅಂತ ಇದಕ್ಕ. ರೇಡಿಯೋದಾಗ ಕೆಂಪಂದು ಹತ್ತತದಲ್ಲ, ಅದರ ತಮ್ಮ. ತಂತಿ ಇಲ್ಲ, ಸುಡೂದಿಲ್ಲ. ಒಮ್ಮಿ ಸೆಲ್ ಹಾಕಿದ್ರ ದಿನಗಟ್ಟಲೆ ಉರೀತದಂತ."

"ಎಷ್ಟು ದೂರ ಹೋಗ್ತದ?"

"ಅದನ್ನ ಚಿಮಣೀಗಿ ಕೇಳೋಣ ನಡ್ರಿ."

ಹೋದಷ್ಟೇ ಬೇಗ ಇಬ್ಬರೂ ಇಳಿದು ಬಂದರು. ಸಾತಲಿಂಗಪ್ಪ ಹೊಟ್ಟೆ ಹಿಡಿದು ನಗುತ್ತಿದ್ದರು. "ವೈನಿ, ಚಿಮಣಿ ದೂರ ಉಳೀತು, ನಿಮ್ಮ ಗಚ್ಚಿ ಕಟ್ಟೀನೂ ದಾಟಲಿಲ್ಲ ಇದರ ಬೆಳಕು. ಪಾಪ, ರಾಯರ ಮಾರಿ ನೋಡ್ರಿ."

ದಿಗಂಬರ ಪೇಚಿನ ಮುಖದಲ್ಲಿ ಅದನ್ನು ಮೇಜಿನ ಮೇಲಿಟ್ಟರು. "ಹೊಸ ತಂತ್ರ ಅಂದ್ರ ಇದೇನಾ. ಕೈಬೀಸಣಿಗಿ ಗಾಳಿ ಹಂಗ, ಮೂಗಿನ ಮುಂದ ಅಷ್ಟ."

"ಹತ್ತು ವರ್ಷ ತಡೀರಿ, ಇವು ಸಂತ್ಯಾಗ ಕೊತ್ತಂಬರಿ ಹಂಗ ಮಾರ್ತಾವ."

"ಮಾರಲಿ. ಕೊಳ್ಳಾವರು ಯಾರು? ದೂರ ಕಾಣದ ಬೆಳಕ ತಗೊಂಡು ಯಾರರ ಏನ ಮಾಡ್ತಾರ?"

ಬೇಸರ ಕಳೆಯಲೆಂದೋ ಏನೋ ಸಾತಲಿಂಗಪ್ಪ ಕಪಾಟಿಗೆ ಕೈ ಹಾಕಿ ಹಿತ್ತಾಳೆಯದನ್ನು ತೆಗೆದರು. ಗುಂಡಿ ಸರಿಸಿದರು. ಹತ್ತಲಿಲ್ಲ. ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ವೇಣೂಬಾಯಿ ಅದನ್ನೇ ನೋಡಿದಳು.

"ಏನ್ರಿ, ಇದು ಸತ್ತದ?" ಎಂದು ಸಾತಲಿಂಗಪ್ಪ ಗೊತ್ತಿದ್ದೂ ಕೆಣಕಿದರು.

"ಸತ್ತಿಲ್ಲ, ಮಲಗೇದ" ಎಂದು ದಿಗಂಬರ ಆ ಸಂಜೆ ಮೊದಲ ಸಲ ನಕ್ಕರು. "ಕಪಾಟಿನ್ಯಾಗ ಇಡಾವಕ್ಕೆಲ್ಲಾ ಒಂದು ಸೆಲ್ ಉಲ್ಟಾ ಹಾಕಿಡ್ತೀನಿ. ಅಪ್ಪಿತಪ್ಪಿ ಗುಂಡಿ ಒತ್ತಿದ್ರೂ ಸೆಲ್ ಖರ್ಚಾಗಂಗಿಲ್ಲ. ಬೇಕಾದಾಗ ಬರೋಬರ ತಿರುವಿ ಹಾಕೋದು."

"ಅದಕ್ಕಿಂತ ಸೆಲ್ ತಗದ ಇಡಬಾರದೇನು? ಎಷ್ಟ ಸಲ ಹೇಳೀನಿ."

"ತಗದಿಟ್ರ ಎಲ್ಲಿ ಇಟ್ಟೆ ಅಂತ ಹುಡುಕಬೇಕು. ನಂದು ನನಗ ಸರಿ ಅದ."

ಅವರ ಹಳೆಯ ಜಗಳ ಮತ್ತೆ ಶುರುವಾಯಿತು. ವೇಣೂಬಾಯಿ ತಾಟು ಇಟ್ಟು ಅಡಿಗೆ ಮನೆಗೆ ಬಂದು ಒಲೆಯ ಕಟ್ಟೆ ಹಿಡಿದು ನಿಂತಳು. ಒಂದು ಸೆಲ್ ಉಲ್ಟಾ. ಅಷ್ಟೇ. ನಾಲ್ಕು ದಿನದಿಂದ ಅವಳು ಮನಸ್ಸಿನಲ್ಲಿ ಕುರುಡಿಯಾಗಿ ಬದುಕಿದ್ದಳು. ನಗು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತ ನಗುತ್ತ ಕಣ್ಣು ತುಂಬಿತು. ಒಬ್ಬರ ಜೋಪಾನ ಇನ್ನೊಬ್ಬರ ಪಾಲಿಗೆ ಹೇಗೆ ಕತ್ತಲಾಗುತ್ತದೆ ಎಂದು ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ಯಾರೂ ಇರಲಿಲ್ಲ.

ಎಲ್‌ಇಡಿ ಬ್ಯಾಟರಿಗೆ ಕಪಾಟಿನಲ್ಲಿ ಜಾಗ ಸಿಗಲಿಲ್ಲ. "ಅಡಿಗಿಮನ್ಯಾಗ ಇರಲಿ, ಡಬ್ಬಿ-ಗಿಬ್ಬಿ ನೋಡಾಕ" ಎಂದು ದಿಗಂಬರ ಅದನ್ನು ಹೆಂಡತಿಯ ಮುಂದೆ ಸರಿಸಿದರು. ಅಂದು ರಾತ್ರಿ ಅವಳು ಹಿತ್ತಲ ಬಾಗಿಲು ತೆರೆದು ಅದನ್ನು ಕೆಳಗೆ ಹಿಡಿದು ಹಚ್ಚಿದಳು. ನೀಲಿ ಬೆರೆತ ತಣ್ಣನೆಯ ಬೆಳಕು, ಹಾಲು ಚೆಲ್ಲಿದ ಹಾಗೆ, ಪಾದದ ಸುತ್ತ ಹರಡಿತು. ಕಲ್ಲು, ಕಲ್ಲಿನ ಅಂಚು, ಅಂಚಿನ ಆಚೆಗೆ ಇನ್ನೊಂದು ಕಲ್ಲು. ಒಂದು ಹೆಜ್ಜೆಗೆ ಬೇಕಾದಷ್ಟು, ಅದರ ಮುಂದಿನ ಹೆಜ್ಜೆಗೆ ಬೇಕಾದಷ್ಟು. ಅದಕ್ಕಿಂತ ಹೆಚ್ಚಿನದು ತನಗೆ ಯಾಕೆ ಬೇಕು ಎಂದುಕೊಂಡಳು.

ಆ ಚಳಿಗಾಲ ಅವಳು ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಸ್ಟ್ಯಾಂಡಿನಲ್ಲಿ ಇಳಿದು ಚೀಲದಿಂದ ಪುಟ್ಟ ಬ್ಯಾಟರಿ ತೆಗೆಯುತ್ತಿದ್ದಳು.

"ಇದೇನ ವೇಣಕ್ಕ, ಈ ಸಲ ನನ್ನ ಸೆರಗ ಬಿಟ್ಟಿ?" ಎಂದಳು ಇಂದುಬಾಯಿ.

"ಸೆರಗ ಹರದೀತು ಅಂತ."

"ಮಿಂಚಿನ ಹುಳಾ ಹಿಡದಂಗ ಅದ. ನನ್ನ ಕಾಲ ಬುಡಕೂ ಜರಾ ಬಿಡು, ಈ ಗಟಾರದ ಕಲ್ಲು ಎಲ್ಲಿ ಮುರದಾವೋ."

ಇಬ್ಬರೂ ಒಂದೇ ಬೆಳಕಿನ ವರ್ತುಲದೊಳಗೆ ನಡೆದು ಬರುತ್ತಿದ್ದರು. ಇಂದುಬಾಯಿ ಮುಂದೆ ಬಿದ್ದರೆ ವೇಣೂಬಾಯಿಗೆ ಇನ್ನು ಗಾಬರಿಯಿರಲಿಲ್ಲ. ಒಂದು ದಿನ ಓಣಿಯ ತಿರುವಿನಲ್ಲಿ ಬೇಕೆಂದೇ ಹಿಂದೆ ಉಳಿದು, ಒಬ್ಬಳೇ ನಡೆದು ನೋಡಿದಳು. ಬೀಡಿ ಕಟ್ಟುವ ಮನೆಗಳ ತಂಬಾಕಿನ ವಾಸನೆ, ಪವರ್‌ಲೂಮಿನ ಖಟಪಟ ಸದ್ದು, ಪಾದದ ಬಳಿ ತನ್ನದೇ ಬೆಳಕು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಸಂಜೆಯ ಹೊತ್ತು ತಾನೊಬ್ಬಳೇ ಎಲ್ಲಿಗಾದರೂ ನಡೆದದ್ದು ನೆನಪಾಗಲಿಲ್ಲ.

ಸಂಕ್ರಮಣಕ್ಕೆ ಇನ್ನೂ ಕೆಲವು ದಿನವಿರುವಾಗ ಸಾತಲಿಂಗಪ್ಪ ಸುದ್ದಿ ತಂದರು. ಕುರನೂರಿನ ಜಮೀನುದಾರ ಹಣಮಂತಪ್ಪನ ಹತ್ತಿರ ಅವನ ಅಜ್ಜನ ಕಾಲದ ಜರ್ಮನಿಯ ಹಿತ್ತಾಳೆ ಬ್ಯಾಟರಿ ಇದೆ. ಮಾರುವುದಿಲ್ಲ, ಆದರೆ ಬದಲಿಗೆ ಬಲ್ಬಿಲ್ಲದ ಹೊಸ ನಮೂನೆಯದು ಕೊಟ್ಟರೆ ಕೊಡುತ್ತಾನಂತೆ. ದಿಗಂಬರರ ಕಣ್ಣು ಹೊಳೆದವು. ಮಾತು ಕೊಟ್ಟೂ ಆಯಿತು. ಅಂದು ಮಧ್ಯಾಹ್ನ ಅಡಿಗೆ ಮನೆಯಿಂದ ಎಲ್‌ಇಡಿ ಬ್ಯಾಟರಿ ತಂದು, ಕೊಡುವ ಮುಂಚೆ ಒರೆಸಲೆಂದು ಬಿಚ್ಚಿದರು. ಸೆಲ್ಲುಗಳನ್ನು ಮೀಟರಿಗೆ ಹಚ್ಚಿ ನೋಡಿದರು. ಹುಬ್ಬು ಮೇಲೇರಿತು.

"ಇದನ್ನ ಯಾರ ಉರಸ್ಯಾರ?"

ಗಾರ್ಗಿ ಪುಸ್ತಕದಿಂದ ತಲೆಯೆತ್ತಲಿಲ್ಲ. "ಮೀ ನಾಹೀ, ಬಾಬಾ. ನಾ ಅದನ್ನ ಮುಟ್ಟೇ ಇಲ್ಲ."

"ಮತ್ತ? ಸೆಲ್ ಸತ್ತ ಬಂದಾವ. ಡಬ್ಬಿ ಹುಡುಕಿದ್ರ ಇಷ್ಟ ಖರ್ಚಾಗಂಗಿಲ್ಲ. ಇದು ತಾಸುಗಟ್ಟಲೆ ಉರದದ."

ವೇಣೂಬಾಯಿ ಮೊರದಲ್ಲಿನ ಬೇಳೆಯ ಮೇಲೆ ಕೈಯಾಡಿಸುತ್ತಿದ್ದಳು. ಹಾಲಿನವನಿಗೆ ಕೊಟ್ಟಿದ್ದೆ ಎನ್ನಬಹುದಿತ್ತು. ಇಲಿಗೆಂದು ಹಚ್ಚಿಟ್ಟಿದ್ದೆ ಎನ್ನಬಹುದಿತ್ತು. ಯಾವ ಸುಳ್ಳು ಹೇಳಿದರೂ ಬ್ಯಾಟರಿ ಕುರನೂರಿಗೆ ಹೋಗುತ್ತದೆ. ನಿಜ ಹೇಳಿದರೆ ಮಣೆ ಬರುತ್ತದೆ. ಎರಡರಲ್ಲೂ ಗುರುವಾರ ಹೋಗುತ್ತದೆ. ಆದರೆ ನಿಜ ಹೇಳಿದರೆ ಮಾತಾಡುವುದಕ್ಕೆ ಜಾಗವಾದರೂ ಇರುತ್ತದೆ.

"ನಾ ಉರಸೀನಿ."

"ನೀನ? ಎಲ್ಲಿ?"

"ಎಸ್.ಟಿ. ಸ್ಟ್ಯಾಂಡಿನಿಂದ ಮನಿ ತನಕ. ಗುರುವಾರ. ಹಿತ್ತಲಕ್ಕ ಹೋಗುವಾಗ. ದಿನಾ."

"ಓಣ್ಯಾಗ ಲೈಟ್ ಇರ್ತಾವಲ್ಲ."

"ನನಗ ಸಾಲಂಗಿಲ್ಲರಿ. ಹೊತ್ತು ಮುಳುಗಿದ್ರ ನನಗ ಕಾಣಂಗಿಲ್ಲ. ಅವ್ವಗ ಆಗಿತ್ತಲ್ಲ, ಹಂಗ. ಐದು ವರ್ಷಾತು."

ಗಾರ್ಗಿಯ ಪುಸ್ತಕ ಮಡಿಲಿಗೆ ಬಿತ್ತು. ದಿಗಂಬರ ಸೆಲ್ಲುಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ನಿಲ್ಲಿಸಿದರು, ಬೀಳಿಸಿದರು, ಮತ್ತೆ ನಿಲ್ಲಿಸಿದರು. ಕಡೆಗೆ, "ಗೋಡಿ ಮ್ಯಾಲ ಬೆಕ್ಕ ಅಂತ ಕೇಳ್ತಿದ್ದಿ" ಎಂದು ಗಾರ್ಗಿ ಮೆಲ್ಲಗೆ ಅಂದಳು.

"ಹೌದವ್ವ."

ಆ ಸಂಜೆ ಕತ್ತಲಾಗುತ್ತಿದ್ದಂತೆ ದಿಗಂಬರ ಕಪಾಟು ತೆರೆದು ನಾಲ್ಕಾರು ಬ್ಯಾಟರಿ ಬಗಲಿಗೆ ಹಾಕಿಕೊಂಡರು. ಎಲ್ಲದರ ಸೆಲ್ಲನ್ನೂ ಸರಿಯಾಗಿ ತಿರುವಿದರು. ಎಲ್‌ಇಡಿಗೆ ಹೊಸ ಸೆಲ್ಲು ಹಾಕಿದರು. "ಗಚ್ಚಿ ಮ್ಯಾಲ ಬಾ" ಎಂದರು. ರಟ್ಟೆ ಹಿಡಿಯಲು ಬಂದ ಕೈಯನ್ನು ಅವಳು ಸರಿಸಿ, ಪುಟ್ಟ ಬ್ಯಾಟರಿ ತೆಗೆದುಕೊಂಡು ತಾನೇ ಮೆಟ್ಟಿಲು ಹತ್ತಿದಳು.

ಮೊದಲು ಐದು ಸೆಲ್ಲಿನದು. ದಿಗಂಬರ ಅದನ್ನು ದೂರಕ್ಕೆ ಹಿಡಿದರು.

"ಏನ ಕಾಣ್ತದ?"

"ದೂರ ಒಂದು ಬಿಳಿ ಗಂಗಾಳ ಇಟ್ಟಂಗ ಕಾಣ್ತದ."

"ಅದು ಚಿಮಣಿ."

"ಚಿಮಣಿ ಇಲ್ಲ. ಗಂಗಾಳ ಅಷ್ಟ."

"ಅದರ ಅಕ್ಕಪಕ್ಕ?"

"ಏನೂ ಇಲ್ಲ."

"ನಿನ್ನ ಕಾಲಾಗ?"

"ನನಗ ಕಾಲ ಅವ ಅನ್ನೂದೂ ಕಾಣವಲ್ದು."

ಇನ್ನೊಂದು ಹಚ್ಚಿದರು. ಮತ್ತೊಂದು. ಪ್ರತಿಯೊಂದಕ್ಕೂ ಏನು ಕಾಣುತ್ತದೆ, ಎಲ್ಲಿಯ ತನಕ ಕಾಣುತ್ತದೆ ಎಂದು ಕೇಳಿದರು. ಅವರ ದನಿ ಬರಬರುತ್ತ ಹಗುರಾಯಿತು. ಇದು ರವಿವಾರದ ದನಿ, ಸಾತಲಿಂಗಪ್ಪನ ಜೊತೆಗಿನ ದನಿ ಎಂದು ವೇಣೂಬಾಯಿಗೆ ತಿಳಿಯಿತು. ಅವಳಿಗೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ನಿನಗೆ ಏನು ಕಾಣುತ್ತದೆ ಎಂದು ಇಷ್ಟು ವರ್ಷದಲ್ಲಿ ಇವರು ತನ್ನನ್ನು ಕೇಳಿದ್ದು ಇದೇ ಮೊದಲು. ಕೇಳುವುದಕ್ಕೆ ಅವರಿಗೆ ಕೈಯಲ್ಲೊಂದು ಬ್ಯಾಟರಿ ಬೇಕಾಯಿತು, ಅಷ್ಟೇ.

ಕೊನೆಗೆ ಅವಳು ತನ್ನದನ್ನು ಕೆಳಗೆ ಹಿಡಿದು ಹಚ್ಚಿದಳು.

"ಈಗ?"

"ನನ್ನ ಪಾದ. ನಿಮ್ಮ ಪಾದ. ನಿಮ್ಮ ಚಪ್ಪಲ್ಲಿನ ಪಟ್ಟಿ ಹರದದ, ಸೂಜಿಪಿನ್ ಹಾಕೀರಿ. ನನಗ ಹೇಳೇ ಇಲ್ಲ."

ದಿಗಂಬರ ಬಗ್ಗಿ ನೋಡಿದರು. ನೆಟ್ಟಗೆ ನಿಂತು ಹೇಳಿದರು: "ಕಣ್ಣಿನ ಡಾಕ್ಟರ್ ಕಡಿ ಹೋಗೋಣ. ಮತ್ತ ಗುರುವಾರ ಇನ್ನ ಮ್ಯಾಲ ನೀ ಹೋಗೂದು ಬ್ಯಾಡ. ಹೋಗೂದಾದ್ರ ನಾ ರಜಾ ಹಾಕಿ ಕೈ ಹಿಡದು ಕರಕೊಂಡು ಹೋಗ್ತೀನಿ."

ಬಂತು, ಮಣೆ ಬಂತು. ವೇಣೂಬಾಯಿ ಕಟ್ಟೆಗೆ ಒರಗಿ ನಿಂತಳು.

"ಡಾಕ್ಟರ್ ಕಡಿ ಬರ್ತೀನಿ. ಗುರುವಾರ ನಂದು."

"ಬಿದ್ದಿ ಅಂದ್ರ?"

"ಬಿದ್ರ ಏಳ್ತೀನಿ. ನಮ್ಮವ್ವನ್ನ ದೀಪ ಹಚ್ಚೂ ಹೊತ್ತಿಗಿ ಮೂಲ್ಯಾಗ ಕುಂದ್ರಸ್ತಿದ್ರು. ಎಲ್ಲಾರೂ ಪ್ರೀತೀಲೇ ಕುಂದ್ರಸ್ತಿದ್ರು. ಆಕಿ ಕಣ್ಣಿಗಿಂತ ಮೊದಲ ಆಕಿ ಕಾಲು ಹೋದವು, ಕುಂತು ಕುಂತು. ನಾ ಹಂಗ ಕುಂದ್ರಾಕಿ ಅಲ್ಲರಿ. ನನಗ ಕೈ ಬ್ಯಾಡ. ಇದನ್ನ ಕುರನೂರಿಗಿ ಕೊಡಬ್ಯಾಡ್ರಿ, ಅಷ್ಟ."

ಕೆಳಗೆ ಯಾರದೋ ಮನೆಯಲ್ಲಿ ಟಿ.ವಿ. ಮರಾಠಿಯಲ್ಲಿ ಮಾತಾಡುತ್ತಿತ್ತು. ದಿಗಂಬರ ಐದು ಸೆಲ್ಲಿನದನ್ನು ಮತ್ತೊಮ್ಮೆ ಚಿಮಣಿಯ ಕಡೆ ಹಚ್ಚಿದರು, ಆರಿಸಿದರು. "ಮಾತು ಕೊಟ್ಟೀನಿ ಹಣಮಂತಪ್ಪಗ" ಎಂದರು. ಅವಳು ಪುಟ್ಟ ಬ್ಯಾಟರಿ ಹಿಡಿದು ಮೆಟ್ಟಿಲ ಕಡೆ ನಡೆದಳು.

ಮರುದಿನ ಸಾತಲಿಂಗಪ್ಪ ಪಡಸಾಲೆಯಲ್ಲಿ ಗೊಣಗುವುದು ಅಡಿಗೆ ಮನೆಗೆ ಕೇಳಿಸಿತು. "ಜರ್ಮನ್ ಹಿತ್ತಾಳಿ ಬಿಟ್ರಲ್ಲ ದಿಗಂಬರರಾವ್, ಈ ಕಡ್ಡಿಪೆಟಗಿ ಸಲವಾಗಿ."

"ಮನ್ಯಾಗ ಬೇಕಂತ."

"ಮನ್ಯಾಗ ಇಷ್ಟ ಇದ್ದಾಗ?"

"ಅವು ನನ್ನವು. ಇದು ಆಕೀದು."

ಆ ವಾರ ಇಂದುಬಾಯಿ ಅಣ್ಣನ ಮಗಳ ಬಾಣಂತನಕ್ಕೆ ತಡವಳ ಎಂಬ ಊರಿಗೆ ಹೋಗಿದ್ದಳು. ಗುರುವಾರ ವೇಣೂಬಾಯಿ ಒಬ್ಬಳೇ ಹೊರಟಳು. ಹೊರಡುವಾಗ ದಿಗಂಬರ ಕಚೇರಿಗೆ ಹೋಗುವ ಮುಂಚೆ ಒರೆಸಿ ಇಟ್ಟಿದ್ದ ಬ್ಯಾಟರಿಯನ್ನು ಚೀಲದಲ್ಲಿ ಹಾಕಿಕೊಂಡಳು. ದರ್ಶನವಾಯಿತು. ತವರಿನ ಕಟ್ಟೆಯ ಮುಂದೆ ಹಾಯ್ದಳು. ತಿರುಗಿ ಬರುವಾಗ ವಳಸಂಗ ದಾಟುವುದರೊಳಗೆ ಕಿಟಕಿಯ ಹೊರಗಿನ ಜೋಳದ ಹೊಲಗಳು ಅವಳಿಗೆ ಇಲ್ಲವಾದವು. ಸ್ಟ್ಯಾಂಡಿನಲ್ಲಿ ಇಳಿದು, ಜನರ ಗದ್ದಲದಿಂದ ಪಕ್ಕಕ್ಕೆ ಸರಿದು ಗುಂಡಿ ಒತ್ತಿದಳು.

ಹತ್ತಲಿಲ್ಲ.

ಮತ್ತೊಮ್ಮೆ ಒತ್ತಿದಳು. ಹಳೆಯ ಆ ಸಂಜೆ, ಕಪಾಟಿನ ಪಕ್ಕದ ಮೂಲೆ. ಆಮೇಲೆ ಅವಳಿಗೆ ನಗು ಬಂತು. ಬೆಳಿಗ್ಗೆ ಒರೆಸಿ ಇಟ್ಟಿದ್ದರಲ್ಲ.

ಗೋಡೆಗೆ ಬೆನ್ನು ಕೊಟ್ಟು ನಿಂತು, ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿ, ಹಿಂದಿನ ಮುಚ್ಚಳ ತಿರುವಿದಳು. ಮೂರು ಸೆಲ್ಲು ಅಂಗೈಗೆ ಜಾರಿದವು. ಇದಕ್ಕೆ ಕಣ್ಣು ಬೇಕಾಗಿರಲಿಲ್ಲ. ಹೆಬ್ಬೆರಳಿನಿಂದ ಒಂದೊಂದರ ತುದಿ ಮುಟ್ಟಿದಳು: ಒಂದು ಕಡೆ ಸಣ್ಣ ಮೊಗ್ಗು, ಇನ್ನೊಂದು ಕಡೆ ಸಪಾಟು. ಎರಡು ಒಂದೇ ಕಡೆ ಮುಖ ಮಾಡಿದ್ದವು. ಮೂರನೆಯದು ಬೆನ್ನು ತಿರುಗಿಸಿತ್ತು. ಅದನ್ನು ತಿರುವಿ, ಮೂರನ್ನೂ ಒಳಗಿಳಿಸಿ ಮುಚ್ಚಳ ಬಿಗಿ ಮಾಡಿದಳು. ಹಾಲಿನಂಥ ಬೆಳಕು ಪಾದಕ್ಕೆ ಬಿತ್ತು.

ಓಣಿಯ ಬಾಯಿಗೆ ಬರುತ್ತಿದ್ದಂತೆ ಮೇಲಿನಿಂದ ಭಾರಿ ಬೆಳಕೊಂದು ಬಂದು ಮುಖಕ್ಕೆ ಹೊಡೆಯಿತು. ಎದುರಿಗಿನದೆಲ್ಲ ಬೆಳ್ಳಗಾಗಿ ಅಳಿಸಿಹೋಯಿತು. ಪಾದದ ಬೆಳಕೂ ಕಾಣದಾಯಿತು. ವೇಣೂಬಾಯಿ ಅಲ್ಲೇ ನಿಂತಳು. ಗಚ್ಚಿಯ ಮೇಲೆ ದಿಗಂಬರ ಐದು ಸೆಲ್ಲಿನದನ್ನು ಹಿಡಿದು ನಿಂತಿರಬೇಕು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಅದನ್ನ ಆರಸ್ರಿ" ಎಂದು ಅವಳು ಕೂಗಿ ಹೇಳಿದಳು. "ನನಗ ದಾರಿ ಕಾಣವಲ್ದು."

ಬೆಳಕು ಆರಿತು. ಅವಳು ಕಣ್ಣು ಹೊಂದುವ ತನಕ ಕಾದು, ಗಟಾರದ ಮುರಿದ ಕಲ್ಲು ದಾಟಿ, ಮನೆಯ ಮೆಟ್ಟಿಲಿಗೆ ಬಂದಳು. ಅವರು ಇಳಿದು ಬಂದು ಬಾಗಿಲಲ್ಲಿ ನಿಂತಿದ್ದರು, ಉದ್ದನೆಯ ಬ್ಯಾಟರಿಯನ್ನು ಬೆನ್ನ ಹಿಂದೆ ಹಿಡಿದು.

"ಬರೋಬರ ಹತ್ತಿತೇನು?"

"ಒಂದು ಸೆಲ್ ಉಲ್ಟಾ ಹಾಕಿದ್ರಿ."

ದಿಗಂಬರ ನಾಲಗೆ ಕಚ್ಚಿಕೊಂಡರು. "ಕೈಗಿ ರೂಢಿ ಆಗೇದ. ಒರಸಿದ ಮ್ಯಾಲ ಹಂಗ ಹಾಕಿಬಿಡ್ತದ. ಮತ್ತ ಹೆಂಗ ಬಂದಿ?"

"ತಿರುವಿ ಹಾಕಿದೆ." ಅವಳು ಚಪ್ಪಲಿಯನ್ನು ಅದರ ಜಾಗದಲ್ಲಿ ಬಿಟ್ಟು ಒಳಗೆ ಬಂದಳು. ಪ್ರಸಾದದ ಪೊಟ್ಟಣವನ್ನು ಅವರ ಕೈಗಿಟ್ಟಳು. "ಇನ್ನ ಮ್ಯಾಲ ಇದರ ಸೆಲ್ ನಾನ ಹಾಕ್ಕೋತೀನಿ. ನೀವು ಒರಸೂದೂ ಬ್ಯಾಡ."